ಎಂಜಿನ್ ಯಾರದು, ರೊಕ್ಕ ಯಾರದು? ಬ್ರೌಸರ್ ಆರಿಸುವ ಮುನ್ನ

ಧಾರವಾಡದ ಒಂದು ಆನ್‌ಲೈನ್ ಸೇವಾ ಕೇಂದ್ರಕ್ಕೆ ಹೊಲದ ಉತಾರ ತೆಗೆಸಲು ಹೋಗಿದ್ದೆ. ನನಗಿಂತ ಮುಂದೆ ನಿಂತಿದ್ದವರೊಬ್ಬರ ಆದಾಯ ಪ್ರಮಾಣಪತ್ರದ ಅರ್ಜಿಯನ್ನು ಕೇಂದ್ರದ ಹುಡುಗ ತುಂಬುತ್ತಿದ್ದ. ಆಧಾರ್ ಸಂಖ್ಯೆಯ ಖಾನೆಯಲ್ಲಿ ಮೊದಲ ಅಂಕಿ ಒತ್ತಿದ್ದೇ ತಡ, ಅದೇ ಅಂಕಿಯಿಂದ ಶುರುವಾಗುವ, ಹಿಂದೆ ಬಂದುಹೋದ ಯಾರ್ಯಾರದೋ ಐದಾರು ಆಧಾರ್ ಸಂಖ್ಯೆಗಳು ಕೆಳಗೆ ಸಾಲಾಗಿ ಇಳಿದುಬಂದವು. ಅವನು ಅದನ್ನು ಗಮನಿಸಲೂ ಇಲ್ಲ, ಮುಂದಿನ ಅಂಕಿಗಳನ್ನು ಒತ್ತುತ್ತ ಹೋದ. ನನ್ನ ಸರದಿ ಬಂದಾಗ, ಬೇರೆ ಬ್ರೌಸರ್ ಯಾವುದಾದರೂ ಹಾಕಿಕೊಂಡಿದ್ದಾನೆಯೇ ಎಂದು ಕೇಳಿದೆ. “ಎಲ್ಲಾ ಸೈಟೂ ಕ್ರೋಮ್‌ನ್ಯಾಗ ಛಲೋ ಓಪನ್ ಆಗ್ತಾವ್ರಿ ಸರ, ಬ್ಯಾರೇದು ಯಾಕ ಬೇಕ್ರಿ?” ಎಂದ.

ಅವನ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬ್ಯಾಂಕಿನ ಖಾತೆ, ಭೂಮಿಯ ಪಹಣಿ, ಸೇವಾ ಸಿಂಧುವಿನ ಅರ್ಜಿ, ಬ್ಯಾಡಗಿ ಮೆಣಸಿನಕಾಯಿಯ ಇ-ಟೆಂಡರ್, ಮಕ್ಕಳ ಪರೀಕ್ಷೆಯ ಫಲಿತಾಂಶ, ಹೀಗೆ ನಮ್ಮ ಭಾಗದ ಎಷ್ಟೋ ವ್ಯವಹಾರಗಳು ಇಂದು ಬ್ರೌಸರ್ ಎಂಬ ಒಂದೇ ಬಾಗಿಲಿನಿಂದ ಒಳಹೊರಗೆ ಓಡಾಡುತ್ತವೆ. ಆ ಬಾಗಿಲನ್ನು ಮಾತ್ರ ನಮ್ಮಲ್ಲಿ ಹೆಚ್ಚಿನವರು ಆರಿಸಿಕೊಂಡದ್ದಲ್ಲ. ಫೋನ್ ಕೊಂಡ ದಿನವೇ ಅದು ಒಳಗೆ ಕೂತಿತ್ತು. ಪ್ಲೇ ಸ್ಟೋರ್ ಬೇಕೆಂದರೆ ಕ್ರೋಮ್ ಸೇರಿದಂತೆ ಗೂಗಲ್ ಆ್ಯಪ್‌ಗಳ ಇಡೀ ಗಂಟನ್ನೇ ಫೋನ್ ತಯಾರಕರು ಹೊರಬೇಕೆಂಬ ಒಪ್ಪಂದವನ್ನು ಭಾರತೀಯ ಸ್ಪರ್ಧಾ ಆಯೋಗವು ತಪ್ಪೆಂದು ತೀರ್ಮಾನಿಸಿ, 2022ರ ಅಕ್ಟೋಬರ್‌ನಲ್ಲಿ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಮರುವರ್ಷದ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿಯೂ ಆ ದಂಡವನ್ನು ಉಳಿಸಿತು. ಹಾಗಿದ್ದರೂ ರೂಢಿಯಾದ ಕೈ ಬದಲಾಗಲಿಲ್ಲ.

ಬ್ರೌಸರನ್ನು ತೂಗುವಾಗ ಸೌಲಭ್ಯ, ಸುರಕ್ಷತೆ, ಸ್ವಾತಂತ್ರ್ಯ ಎಂಬ ಮೂರು ಮಾತು ಬರುತ್ತವೆ. ಸೌಲಭ್ಯವನ್ನು ಬಳಸಿದವರೇ ನೋಡಿ ತಿಳಿಯುತ್ತಾರೆ, ಸುರಕ್ಷತೆಯ ಬಗ್ಗೆ ತಿಳಿದವರನ್ನು ಕೇಳುತ್ತಾರೆ. ಸ್ವಾತಂತ್ರ್ಯವೆಂಬುದು ಮಾತ್ರ ಜಾಹೀರಾತಿನ ಶಬ್ದವಾಗಿ ಉಳಿದುಬಿಟ್ಟಿದೆ. ಅದನ್ನು ಅಳೆಯಲು ನನಗೆ ತೋಚುವುದು ಎರಡೇ ಪ್ರಶ್ನೆ: ಒಳಗಿನ ಎಂಜಿನ್ ಯಾರದು, ಅದನ್ನು ನಡೆಸುವ ರೊಕ್ಕ ಯಾರದು. ಈ ಎರಡಕ್ಕೆ ಉತ್ತರ ಸಿಕ್ಕರೆ ಉಳಿದ ಎರಡು ಗುಣಗಳ ಎಷ್ಟೋ ಸಂಗತಿಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ.

ಮೊದಲು ಎಂಜಿನ್. ಜಾಲತಾಣವೊಂದು ಕಳಿಸುವ ಸಂಕೇತಗಳನ್ನು ಓದಿ, ನಮ್ಮ ಕಣ್ಣಿಗೆ ಕಾಣುವ ಪುಟವನ್ನಾಗಿ ಮಾಡುವ ತಂತ್ರಾಂಶದ ತಿರುಳು ಇದು. ಬ್ರೌಸರ್‌ಗಳ ಹೆಸರು ಡಜನ್‌ಗಟ್ಟಲೆ ಇದ್ದರೂ ಜನಬಳಕೆಯಲ್ಲಿರುವ ಎಂಜಿನ್‌ಗಳು ಮೂರೇ: ಗೂಗಲ್‌ನ ಬ್ಲಿಂಕ್, ಆ್ಯಪಲ್‌ನ ವೆಬ್‌ಕಿಟ್, ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಗೆಕ್ಕೋ. ಬ್ಲಿಂಕ್ ಮತ್ತು ವೆಬ್‌ಕಿಟ್ ಕೂಡ ಒಂದೇ ಬೇರಿನವು. ಕೆಡಿಇ ಎಂಬ ಸ್ವತಂತ್ರ ತಂತ್ರಾಂಶ ಸಮುದಾಯ ಬರೆದ ಕೆಎಚ್‌ಟಿಎಂಎಲ್ ಅನ್ನು ಆ್ಯಪಲ್ ಎತ್ತಿಕೊಂಡು ವೆಬ್‌ಕಿಟ್ ಮಾಡಿತು. 2008ರಲ್ಲಿ ಬಂದ ಕ್ರೋಮ್ ಅದೇ ವೆಬ್‌ಕಿಟ್ ಮೇಲೆ ನಿಂತಿತ್ತು. 2013ರಲ್ಲಿ ಗೂಗಲ್ ಅದರಿಂದ ಕವಲೊಡೆದು ಬ್ಲಿಂಕ್ ಕಟ್ಟಿತು. ಅದೇ ವರ್ಷ ಒಪೆರಾ ತನ್ನ ಸ್ವಂತ ಪ್ರೆಸ್ಟೋ ಎಂಜಿನ್ ಕೈಬಿಟ್ಟಿತು. ಒಂದು ಕಾಲಕ್ಕೆ ಜಗತ್ತನ್ನೇ ಆಳಿದ್ದ ಮೈಕ್ರೋಸಾಫ್ಟ್ ಕೂಡ ಸೋತು, 2020ರ ಜನವರಿಯಲ್ಲಿ ತನ್ನ ಎಡ್ಜ್ ಬ್ರೌಸರನ್ನು ಗೂಗಲ್ ಮುನ್ನಡೆಸುವ, ಬ್ಲಿಂಕ್ ಎಂಜಿನ್ನೇ ಒಳಗಿರುವ ಕ್ರೋಮಿಯಂ ತಳಹದಿಗೆ ತಂದಿತು. ಇವತ್ತು ಎಡ್ಜ್, ಒಪೆರಾ, ಬ್ರೇವ್, ವಿವಾಲ್ಡಿ ಎಲ್ಲವೂ ಕ್ರೋಮಿಯಂ ಮೇಲೆ ಹೊಲಿದ ಬೇರೆ ಬೇರೆ ಅಂಗಿಗಳು. 2025ರಲ್ಲಿ ಸದ್ದು ಮಾಡಿದ ಪರ್ಪ್ಲೆಕ್ಸಿಟಿಯ ಕಾಮೆಟ್, ಓಪನ್‌ಎಐನ ಅಟ್ಲಾಸ್ ಎಂಬ ಕೃತಕ ಬುದ್ಧಿಮತ್ತೆಯ ಬ್ರೌಸರ್‌ಗಳೂ ಇದಕ್ಕೆ ಹೊರತಲ್ಲ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ವಿಷಯ ಈ ಭಾಗದವರಿಗೆ ಹೊಸದಲ್ಲ. ಅಲ್ಲಿ ಹೊಲಿಗೆ, ಅಳತೆ, ಬಣ್ಣ ಸರಿಯಿದ್ದರೆ ಸಾಲದು. ನೂಲಿನಿಂದ ಹಿಡಿದು ಬಟ್ಟೆಯ ಎಳೆಗಳ ತನಕ ಭಾರತೀಯ ಮಾನಕ ಬ್ಯೂರೋದ ಒರೆಗಲ್ಲಿಗೆ ತಾಳಬೇಕು. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್‌ಗೂ ಯಂತ್ರದ ಬಟ್ಟೆಗೂ ದಾರಿಯಾದಾಗ ಇಲ್ಲಿಯ ಖಾದಿಯವರು ವಿರೋಧಿಸಿದ್ದು ನೂಲಿನ ಪ್ರಶ್ನೆಯನ್ನೇ ಎತ್ತಿ. ಸ್ವದೇಶಿ ಬ್ರೌಸರ್ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಬೆಂಗೇರಿಯ ನೆನಪಾಗುತ್ತದೆ.

ಸ್ವದೇಶಿ ಪ್ರಯತ್ನಗಳ ಚರಿತ್ರೆ ನೋಡಿ. 2010ರಲ್ಲಿ ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಕಂಪನಿ ಎಪಿಕ್ ಎಂಬ ಬ್ರೌಸರ್ ತಂದಿತು. ಭಾರತೀಯ ಭಾಷೆಗಳಲ್ಲಿ ಟೈಪ್ ಮಾಡುವ ಅನುಕೂಲವಿದ್ದ ಅದರ ತಳಹದಿ ಮೊಜಿಲ್ಲಾದ್ದು. 2013ರಲ್ಲಿ ಅದೂ ಕ್ರೋಮಿಯಂಗೆ ಹೊರಳಿತು. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು ಭಾರತೀಯ ವೆಬ್ ಬ್ರೌಸರ್ ಅಭಿವೃದ್ಧಿ ಸ್ಪರ್ಧೆಯನ್ನು ಘೋಷಿಸಿ, 3.41 ಕೋಟಿ ರೂಪಾಯಿ ಮೀಸಲಿಟ್ಟಿತು. 2025ರ ಮಾರ್ಚ್‌ನಲ್ಲಿ ಒಂದು ಕೋಟಿಯ ಮೊದಲ ಬಹುಮಾನ ಜೋಹೋ ಕಂಪನಿಗೆ ಹೋಯಿತು. ಜೋಹೋದ ಉಲಾ ಬ್ರೌಸರ್ ಜಾಹೀರಾತು ಬೆನ್ನಟ್ಟುವುದನ್ನು ತಡೆಯುತ್ತದೆ, ಕಚೇರಿ, ಮನೆ, ಮಕ್ಕಳು ಎಂದು ಬೇರೆ ಬೇರೆ ವಿಧಾನಗಳನ್ನು ಕೊಡುತ್ತದೆ, ಕೆಲಸ ಅಚ್ಚುಕಟ್ಟಾಗಿದೆ. ಆದರೆ ಅದರ ನೂಲೂ ಕ್ರೋಮಿಯಂನದೇ.

ಇದನ್ನು ಅವಮಾನವೆಂದು ಹೇಳುತ್ತಿಲ್ಲ. ಕ್ರೋಮಿಯಂನ ಮೂಲ ಸಂಕೇತ ಎಲ್ಲರಿಗೂ ಮುಕ್ತವಾಗಿದೆ, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಗೂಗಲ್‌ಗೆ ಮಾಹಿತಿ ಹೋಗುವ ಕೊಳವೆಗಳನ್ನು ಕತ್ತರಿಸಿ ಹಾಕಬಹುದು. ಹೊಸ ಎಂಜಿನ್ ಕಟ್ಟುವುದು ಮೂರು ಕೋಟಿ ರೂಪಾಯಿಯ ಕೆಲಸವಂತೂ ಅಲ್ಲವೇ ಅಲ್ಲ; ಲೇಡಿಬರ್ಡ್ ಎಂಬ ಲಾಭರಹಿತ ಸಂಸ್ಥೆ ಸೊನ್ನೆಯಿಂದ ಎಂಜಿನ್ ಕಟ್ಟಲು ವರ್ಷಗಳಿಂದ ಹೆಣಗುತ್ತಿದೆ, ಮೊಜಿಲ್ಲಾ ತಾನೇ ಹುಟ್ಟುಹಾಕಿದ ಸರ್ವೋ ಎಂಬ ಎಂಜಿನ್‌ನ ತಂಡವನ್ನು 2020ರಲ್ಲಿ ಹಣದ ಅಡಚಣೆಯಿಂದ ಮನೆಗೆ ಕಳಿಸಿತು. ನನ್ನ ಆಕ್ಷೇಪ ಶಬ್ದದ ಬಗ್ಗೆ. ಹೊಲಿಗೆ ನಮ್ಮದಾದರೆ ಹೊಲಿಗೆ ನಮ್ಮದೆನ್ನೋಣ, ಬಟ್ಟೆಯೂ ನಮ್ಮದೆಂದು ಹೇಳುವುದು ಬೇಡ.

ಸಚಿವಾಲಯದ ಆ ಸ್ಪರ್ಧೆಯ ಒಂದು ಷರತ್ತು ಇದಕ್ಕಿಂತ ಹೆಚ್ಚು ಚರ್ಚೆಯಾಗಬೇಕಿತ್ತು. ಭಾರತದ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರ, ಅಂದರೆ ಸಿಸಿಎಯ, ಮೂಲ ಪ್ರಮಾಣಪತ್ರವನ್ನು ಬ್ರೌಸರ್ ನಂಬಬೇಕು ಎಂಬುದು ಆ ಷರತ್ತು. ಬ್ಯಾಂಕಿನ ಪುಟದ ಪಕ್ಕ ಬೀಗದ ಚಿಹ್ನೆ ಕಂಡಾಗ ಅದರ ಹಿಂದೆ ಇರುವುದು ಇಂಥ ಪ್ರಮಾಣಪತ್ರವೇ. ಯಾರ ಸಹಿಯನ್ನು ನಂಬಬೇಕೆಂಬ ಪಟ್ಟಿ ಬ್ರೌಸರ್‌ನೊಳಗೆ, ಇಲ್ಲವೇ ವಿಂಡೋಸ್‌ನಂಥ ತಳದ ವ್ಯವಸ್ಥೆಯಲ್ಲಿ ಇರುತ್ತದೆ. 2014ರ ಜುಲೈನಲ್ಲಿ ಈ ಸಿಸಿಎಯ ಅಡಿಯಲ್ಲಿದ್ದ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯ ಪ್ರಮಾಣೀಕರಣ ವ್ಯವಸ್ಥೆಯಿಂದ ಗೂಗಲ್‌ನ ಜಾಲತಾಣಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದದ್ದು ಪತ್ತೆಯಾಯಿತು. ಮೈಕ್ರೋಸಾಫ್ಟ್‌ನ ನಂಬಿಕೆಯ ಪಟ್ಟಿಯಲ್ಲಿ ಸಿಸಿಎ ಇದ್ದುದರಿಂದ ವಿಂಡೋಸ್‌ನಲ್ಲಿ ಅವು ನಡೆಯುತ್ತಿದ್ದವು. ಸ್ವಂತ ಪಟ್ಟಿ ಇಟ್ಟುಕೊಂಡಿದ್ದ ಫೈರ್‌ಫಾಕ್ಸ್‌ಗೆ ಬಾಧೆ ತಟ್ಟಲಿಲ್ಲ. ಕಜಕಸ್ತಾನದ ಸರ್ಕಾರ 2019ರಲ್ಲಿ ತನ್ನ ಪ್ರಜೆಗಳ ಮೇಲೆ ಇಂಥದೊಂದು ಪ್ರಮಾಣಪತ್ರವನ್ನು ಹೇರಲು ಹೊರಟಾಗ ಕ್ರೋಮ್, ಫೈರ್‌ಫಾಕ್ಸ್, ಆ್ಯಪಲ್‌ನ ಸಫಾರಿ ಮೂರೂ ಅದನ್ನು ತಡೆದವು. ಡಿಜಿಟಲ್ ಸಹಿಗೆ ಸಿಸಿಎ ಬೇಕು, ಸರಿ. ಗುತ್ತಿಗೆದಾರರು ಟೆಂಡರ್‌ಗೆ ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿ ಪ್ರಮಾಣಪತ್ರದ, ಟೋಕನ್ ಚುಚ್ಚಿ ಸಹಿ ಹಾಕುವುದು ಅದರ ಬಲದಿಂದಲೇ. ಆದರೆ ಸಹಿಗೆ ನಂಬುವುದು ಬೇರೆ, ಜಗತ್ತಿನ ಯಾವುದೇ ಜಾಲತಾಣದ ಗುರುತಿಗೆ ನಂಬುವುದು ಬೇರೆ. ಕಂಪನಿಯಿಂದ ಬಿಡಿಸಿಕೊಂಡ ಬ್ರೌಸರ್ ಸರ್ಕಾರದ ಕೈಗೆ ಹೋದರೆ ಅದನ್ನು ಸ್ವತಂತ್ರವೆನ್ನಲು ನನಗಂತೂ ಮನಸ್ಸು ಬಾರದು.

ಎಂಜಿನ್ ಯಾರದೆಂಬುದು ತಾತ್ವಿಕ ಜಿಜ್ಞಾಸೆಯಷ್ಟೇ ಅಲ್ಲ ಎಂಬುದಕ್ಕೆ ಜಾಹೀರಾತು ತಡೆಯುವ ವಿಸ್ತರಣೆಗಳ, ಅಂದರೆ ಬ್ರೌಸರ್‌ಗೆ ನಾವು ಜೋಡಿಸಿಕೊಳ್ಳುವ ಪುಟ್ಟ ತಂತ್ರಾಂಶಗಳ, ಪ್ರಕರಣ ಸಾಕ್ಷಿ. ಯುಬ್ಲಾಕ್ ಒರಿಜಿನ್‌ನಂಥ ವಿಸ್ತರಣೆ ಮೊದಲು ಹೊಸ್ತಿಲಲ್ಲಿ ಕೂತ ಕಾವಲುಗಾರನಂತಿತ್ತು. ಪುಟದಿಂದ ಹೊರಡುವ ಪ್ರತಿಯೊಂದು ಕೋರಿಕೆಯನ್ನು ತಾನೇ ನೋಡಿ ಬಿಡಬೇಕೋ ಬೇಡವೋ ತೀರ್ಮಾನಿಸುತ್ತಿತ್ತು. ಮ್ಯಾನಿಫೆಸ್ಟ್ ವಿ3 ಎಂಬ ಹೊಸ ನಿಯಮದಲ್ಲಿ ಕಾವಲುಗಾರ ತನ್ನ ಪಟ್ಟಿಯನ್ನು ಮೊದಲೇ ಬರೆದು ಕೊಟ್ಟು ಪಕ್ಕಕ್ಕೆ ನಿಲ್ಲಬೇಕು, ತಡೆಯುವ ಕೆಲಸ ಬ್ರೌಸರ್ ಮಾಡುತ್ತದೆ. 2024ರ ನಡುವಿನಿಂದ ಹಂತಹಂತವಾಗಿ ಹಳೆಯ ಬಗೆಯ ವಿಸ್ತರಣೆಗಳನ್ನು ಮುಚ್ಚುತ್ತ ಬಂದ ಕ್ರೋಮ್ 2025ರಲ್ಲಿ ಆ ಬಾಗಿಲನ್ನು ಪೂರ್ತಿ ಹಾಕಿತು. ಎಲ್ಲವನ್ನೂ ಓದಬಲ್ಲ ವಿಸ್ತರಣೆ ಕಳ್ಳನ ಕೈಗೆ ಸಿಕ್ಕರೆ ಅಪಾಯ ಎಂಬ ಗೂಗಲ್‌ನ ವಾದ ಪೊಳ್ಳಲ್ಲ. ಆದರೆ ಜಾಹೀರಾತಿನಿಂದಲೇ ಬದುಕುವ ಕಂಪನಿಯೊಂದು ಜಾಹೀರಾತು ತಡೆಯುವ ಸಾಧನದ ಕೈಕಾಲು ಕಟ್ಟುವಾಗ ಸುರಕ್ಷತೆಯ ಹೆಸರು ಹೇಳಿದರೆ, ಕೇಳುವವರಿಗೆ ಅನುಮಾನ ಬರುವುದು ಸಹಜ. ಹಳೆಯ ಕಾವಲುಗಾರನನ್ನು ಫೈರ್‌ಫಾಕ್ಸ್ ಇನ್ನೂ ಉಳಿಸಿಕೊಂಡಿದೆ. ಕ್ರೋಮಿಯಂ ಮೇಲೆ ನಿಂತ ಬ್ರೇವ್, ಆಯ್ದ ನಾಲ್ಕು ವಿಸ್ತರಣೆಗಳನ್ನು ತನ್ನ ಖರ್ಚಿನಲ್ಲಿ ಉಳಿಸಿಕೊಳ್ಳಲು ಹೊರಟಿತು; ಇತರರ ತಳಹದಿಯ ಮೇಲೆ ಮನೆ ಕಟ್ಟಿದವರ ಪಾಡು ಇದು.

ಬೇರೆ ತಾಣಗಳವರು ನಮ್ಮ ಬ್ರೌಸರ್‌ನಲ್ಲಿ ಇಡುವ ಕುಕಿಗಳೆಂಬ ಪುಟ್ಟ ಗುರುತಿನ ಕಡತಗಳ ಕಥೆಯೂ ಹೀಗೆಯೇ. ಒಂದು ಅಂಗಡಿಯಲ್ಲಿ ನೋಡಿದ ಚಪ್ಪಲಿ ಹತ್ತು ಸುದ್ದಿತಾಣಗಳಲ್ಲಿ ಬೆನ್ನುಹತ್ತಲು ಕಾರಣವಾದ ಇವನ್ನು ಸಫಾರಿ 2020ರ ಮಾರ್ಚ್‌ನಲ್ಲೇ ಪೂರ್ತಿ ತಡೆಯಿತು. ಫೈರ್‌ಫಾಕ್ಸ್ 2022ರ ಜೂನ್‌ನಿಂದ ಪ್ರತಿ ತಾಣದ ಕುಕಿಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಮುಚ್ಚಿಡತೊಡಗಿತು. 2020ರಲ್ಲಿ ಎರಡು ವರ್ಷದ ಗಡುವು ಹಾಕಿಕೊಂಡಿದ್ದ ಗೂಗಲ್, ವಾಯಿದೆ ಮೇಲೆ ವಾಯಿದೆ ಕೇಳಿ 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು.

ಇನ್ನು ರೊಕ್ಕದ ಮಾತು. ಇಲ್ಲಿ ಫೈರ್‌ಫಾಕ್ಸ್‌ನ ಅಭಿಮಾನಿಗಳು ತುಸು ಮುಜುಗರಪಡಬೇಕಾಗುತ್ತದೆ, ನನ್ನನ್ನೂ ಸೇರಿಸಿ. ಗೂಗಲ್ ಮೇಲೆ ಅಮೆರಿಕ ಸರ್ಕಾರ ಹೂಡಿದ ಮೊಕದ್ದಮೆಯಲ್ಲಿ 2025ರ ಮೇ ತಿಂಗಳಲ್ಲಿ ಮೊಜಿಲ್ಲಾದ ಹಣಕಾಸು ಮುಖ್ಯಸ್ಥರು ಕೊಟ್ಟ ಸಾಕ್ಷ್ಯದ ಪ್ರಕಾರ, ಸಂಸ್ಥೆಯ ಆದಾಯದಲ್ಲಿ ಸುಮಾರು ಶೇ. 90 ಫೈರ್‌ಫಾಕ್ಸ್‌ನಿಂದ ಬರುತ್ತದೆ, ಅದರಲ್ಲಿ ಸುಮಾರು ಶೇ. 85 ಗೂಗಲ್‌ನದು. ಅಂದರೆ ನೂರು ರೂಪಾಯಿಯಲ್ಲಿ ಎಪ್ಪತ್ತಾರು ಪ್ರತಿಸ್ಪರ್ಧಿಯ ಕಿಸೆಯಿಂದಲೇ; ಹುಡುಕಾಟಕ್ಕೆ ಗೂಗಲನ್ನು ಮೊದಲ ಆಯ್ಕೆಯಾಗಿ ಇಟ್ಟುಕೊಂಡದ್ದಕ್ಕೆ ಸಿಗುವ ಬಾಡಿಗೆ ಅದು. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು ರೈತರು ಸಾಲಕ್ಕಾಗಿ ಸಾಹುಕಾರರ ಕಟ್ಟೆ ಹತ್ತುವುದನ್ನು ತಪ್ಪಿಸಲು. ಆ ಸಂಘದ ಠೇವಣಿಯಲ್ಲಿ ಮುಕ್ಕಾಲು ಪಾಲು ಊರ ಸಾಹುಕಾರನದೇ ಆಗಿದ್ದರೆ ಹೇಗಿರುತ್ತಿತ್ತು ಎಂದು ಊಹಿಸಿದರೆ ಮೊಜಿಲ್ಲಾದ ಸ್ಥಿತಿ ಅರ್ಥವಾದೀತು.

ಅದೇ ಮೊಕದ್ದಮೆಯಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ, ಹುಡುಕಾಟದ ಮಾರುಕಟ್ಟೆಯಲ್ಲಿ ಗೂಗಲ್ ಅಕ್ರಮವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆಯೆಂದು ತೀರ್ಪಿತ್ತರು. ಕ್ರೋಮನ್ನು ಮಾರಿಸಬೇಕೆಂದು ಸರ್ಕಾರ ಕೇಳಿತ್ತು. ಪರ್ಪ್ಲೆಕ್ಸಿಟಿಯಂತೂ 3,450 ಕೋಟಿ ಡಾಲರ್ ಕೊಡುತ್ತೇನೆಂದು ಮುಂದೆ ಬಂದಿತ್ತು. 2025ರ ಸೆಪ್ಟೆಂಬರ್‌ನ ಆದೇಶದಲ್ಲಿ ಕ್ರೋಮ್ ಗೂಗಲ್‌ನಲ್ಲೇ ಉಳಿಯಿತು, ಏಕಸ್ವಾಮ್ಯದ ಒಪ್ಪಂದಗಳಿಗೆ ತಡೆ ಬಿತ್ತು, ಆದರೆ ಹಣ ಕೊಡುವುದಕ್ಕೆ ಪೂರ್ತಿ ನಿಷೇಧ ಬರಲಿಲ್ಲ. ನಿಷೇಧ ಬಂದರೆ ಮೊದಲು ಸಾಯುವುದು ತಾನೇ ಎಂದು ಮೊಜಿಲ್ಲಾ ಅಂಗಲಾಚಿತ್ತು. ಏಕಸ್ವಾಮ್ಯಕ್ಕೆ ಪೆಟ್ಟು ಬಿದ್ದರೆ ಅದರ ವಿರೋಧಿಯೇ ಮುಗ್ಗರಿಸುವಂಥ ಈ ಏರ್ಪಾಡು ವಿಚಿತ್ರವಾದದ್ದು.

ಉಳಿದವರ ರೊಕ್ಕವೂ ಆಕಾಶದಿಂದ ಉದುರುವುದಿಲ್ಲ. ಬ್ರೇವ್ ತನ್ನದೇ ಜಾಹೀರಾತು ಜಾಲ ನಡೆಸುತ್ತದೆ. 2020ರಲ್ಲಿ ಬಳಕೆದಾರರು ಕ್ರಿಪ್ಟೋ ತಾಣಗಳ ವಿಳಾಸ ಒತ್ತಿದಾಗ ತನ್ನ ದಲ್ಲಾಳಿ ಸಂಕೇತವನ್ನು ಅದಕ್ಕೆ ಅಂಟಿಸುತ್ತಿದ್ದುದು ಬಯಲಾಗಿ ಕ್ಷಮೆ ಕೇಳಿತು. ಒಪೆರಾ 2016ರಿಂದ ಚೀನಾದ ಹೂಡಿಕೆದಾರರ ಒಡೆತನದಲ್ಲಿದೆ. ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಅಗ್ಗದ ಫೋನ್‌ಗಳಲ್ಲೆಲ್ಲ ಇದ್ದ ಚೀನಾದ ಯುಸಿ ಬ್ರೌಸರ್ 2020ರ ಜೂನ್‌ನಲ್ಲಿ ನಿಷೇಧವಾದ 59 ಆ್ಯಪ್‌ಗಳ ಪಟ್ಟಿಯಲ್ಲಿತ್ತು. ಅದು ಬಳಕೆದಾರರ ಮಾಹಿತಿಯನ್ನು ಸೋರಿಸುತ್ತಿದೆಯೆಂದು ಕೆನಡಾದ ಸಿಟಿಜನ್ ಲ್ಯಾಬ್ 2015ರಲ್ಲೇ ಎಚ್ಚರಿಸಿತ್ತು. ಮೊಜಿಲ್ಲಾ ಕೂಡ 2025ರ ಫೆಬ್ರುವರಿಯಲ್ಲಿ, ನಿಮ್ಮ ಮಾಹಿತಿಯನ್ನು ಎಂದೂ ಮಾರುವುದಿಲ್ಲವೆಂಬ ತನ್ನ ಹಳೆಯ ವಾಗ್ದಾನದ ಸಾಲನ್ನು ತೆಗೆದು, ಕಾನೂನಿನ ವ್ಯಾಖ್ಯೆಯ ನೆಪ ಹೇಳಿ, ಬಹಳಷ್ಟು ಜನರ ವಿಶ್ವಾಸಕ್ಕೆ ಎರವಾಯಿತು.

ಸುರಕ್ಷತೆಗೆ ಬಂದರೆ ಕ್ರೋಮ್‌ನ ಪಾರಮ್ಯವನ್ನು ಒಪ್ಪಲೇಬೇಕು. ಒಂದು ತಾಣದ ಪ್ರಕ್ರಿಯೆ ಇನ್ನೊಂದನ್ನು ಮುಟ್ಟದಂತೆ ಗೋಡೆ ಕಟ್ಟುವ ಕೆಲಸವನ್ನು ಅದು 2018ರಲ್ಲೇ ಮುಗಿಸಿತ್ತು, ಫೈರ್‌ಫಾಕ್ಸ್ ಅಲ್ಲಿಗೆ ತಲುಪಿದ್ದು 2021ರ ಕೊನೆಗೆ. ದೋಷ ಸಿಕ್ಕಾಗ ತೇಪೆ ಹಾಕುವ ವೇಗವೂ ಗೂಗಲ್‌ನದು ದೊಡ್ಡದು. ಅಡಚಣೆ ಇರುವುದು ಆ ತೇಪೆ ಮರಿಬ್ರೌಸರ್‌ಗಳಿಗೆ ಎಷ್ಟು ಬೇಗ ಮುಟ್ಟುತ್ತದೆ ಎಂಬುದರಲ್ಲಿ: ಕ್ರೋಮ್‌ನಲ್ಲಿ ತೇಪೆ ಬಿದ್ದ ಕ್ಷಣದಿಂದಲೇ ತೂತು ಎಲ್ಲಿತ್ತೆಂಬುದು ಕಳ್ಳರಿಗೂ ತಿಳಿಯುತ್ತದೆ, ಆದ್ದರಿಂದ ಹಿಂದುಳಿದವನ ಮನೆಗೆ ಮೊದಲು ಕನ್ನ. ಸಣ್ಣ ತಂಡದ ಬ್ರೌಸರ್ ಹಾಕಿಕೊಳ್ಳುವ ಮುನ್ನ ಅದರ ಕಳೆದ ಕೆಲವು ಆವೃತ್ತಿಗಳು ಕ್ರೋಮಿಯಂನ ಹಿಂದೆ ಎಷ್ಟು ದಿನಕ್ಕೆ ಬಂದವೆಂದು ನೋಡುವುದು ಒಳ್ಳೆಯದು. 2023ರ ಸೆಪ್ಟೆಂಬರ್‌ನಲ್ಲಿ ಚಿತ್ರ ತೋರಿಸುವ ಲಿಬ್‌ವೆಬ್‌ಪಿ ಎಂಬ ಸಣ್ಣ ತಂತ್ರಾಂಶ ಭಾಗದಲ್ಲಿ ಸಿಕ್ಕ ದೋಷ ಕ್ರೋಮ್, ಫೈರ್‌ಫಾಕ್ಸ್ ಎರಡನ್ನೂ ಒಟ್ಟಿಗೆ ಕೆಡವಿತ್ತು; ಎಂಜಿನ್ ಬೇರೆಯಾದ ಮಾತ್ರಕ್ಕೆ ಎಲ್ಲವೂ ಬೇರೆಯಲ್ಲ.

ನಮ್ಮ ಊರುಗಳಲ್ಲಿ ಇದಕ್ಕಿಂತ ದೊಡ್ಡ ತೂತು ಹಳೆಯ ಕಂಪ್ಯೂಟರ್‌ಗಳದು. ಝೆರಾಕ್ಸ್ ಅಂಗಡಿಗಳಲ್ಲಿ, ಸಣ್ಣ ಸೊಸೈಟಿಗಳಲ್ಲಿ ವಿಂಡೋಸ್ 7 ಇನ್ನೂ ಓಡುತ್ತಿರುತ್ತದೆ. ಅದಕ್ಕೆ ಕ್ರೋಮ್‌ನ ಕೊನೆಯ ಆವೃತ್ತಿ 2023ರ ಜನವರಿಯ 109. ಅಲ್ಲಿಂದೀಚೆಗೆ ಕಂಡ ಒಂದು ದೋಷಕ್ಕೂ ಅದರಲ್ಲಿ ತೇಪೆಯಿಲ್ಲ. ಫೈರ್‌ಫಾಕ್ಸ್‌ನ 115ನೇ ದೀರ್ಘಾವಧಿ ಆವೃತ್ತಿ ಆ ಬಳಿಕವೂ ಅಂಥ ಯಂತ್ರಗಳಿಗೆ ಸುರಕ್ಷತಾ ತೇಪೆ ಕೊಡುತ್ತ ಬಂದು ಗಡುವನ್ನು ಮತ್ತೆ ಮತ್ತೆ ಮುಂದೂಡಿತು. ಕ್ರೋಮ್‌ನ ಇನ್‌ಕಾಗ್ನಿಟೊ ಎಂಬ ಗುಪ್ತ ಕಿಟಕಿಯ ಬಗ್ಗೆಯೂ ಒಂದು ಮಾತು: ಅದು ಮುಚ್ಚಿಡುವುದು ಅದೇ ಕಂಪ್ಯೂಟರ್ ಬಳಸುವ ಮುಂದಿನವರಿಂದ, ಜಾಲತಾಣಗಳಿಂದಲ್ಲ. ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳಲಿಲ್ಲವೆಂಬ ದಾವೆಯಲ್ಲಿ ಗೂಗಲ್ 2024ರಲ್ಲಿ ರಾಜಿಗೆ ಬಂದು, ಸಂಗ್ರಹಿಸಿದ್ದ ಅಪಾರ ದಾಖಲೆಗಳನ್ನು ಅಳಿಸಲು ಒಪ್ಪಿತು.

ಸೌಲಭ್ಯದ ಪಟ್ಟಿ ಮಾಡುತ್ತ ಕೂರುವುದಿಲ್ಲ. ಟ್ಯಾಬ್, ಬುಕ್‌ಮಾರ್ಕ್, ಪಾಸ್‌ವರ್ಡ್ ಎಲ್ಲರಲ್ಲೂ ಇವೆ. ಕನ್ನಡಿಗರಿಗೆ ವ್ಯತ್ಯಾಸ ಕಾಣುವುದು ಧ್ವನಿಯಲ್ಲಿ. ಗೂಗಲ್ ಡಾಕ್ಸ್‌ನಲ್ಲಿ ಕನ್ನಡ ಮಾತಾಡಿ ಬರೆಯಿಸುವ ಸೌಲಭ್ಯ ಕ್ರೋಮ್‌ನಲ್ಲಿ ಸಲೀಸಾಗಿ ನಡೆಯುತ್ತದೆ, ಫೈರ್‌ಫಾಕ್ಸ್‌ನಲ್ಲಿ ನಡೆಯುವುದಿಲ್ಲ. ಕ್ರೋಮ್ ಪುಟವನ್ನು ಅನುವಾದಿಸುವಾಗ ಪುಟದ ಪಠ್ಯ ಗೂಗಲ್‌ನ ಸರ್ವರ್‌ಗೆ ಹೋಗುತ್ತದೆ ಎಂಬುದನ್ನೂ ನೆನಪಿಡಬೇಕು. ಕೋರ್ಟಿನ ಕಾಗದವನ್ನೋ ಆಸ್ಪತ್ರೆಯ ವರದಿಯನ್ನೋ ಹಾಗೆ ಓದುವಾಗ ಇದು ಸಣ್ಣ ಸಂಗತಿಯಲ್ಲ. ಸರ್ಕಾರಿ ತಾಣಗಳು ಒಂದೇ ಬ್ರೌಸರ್‌ಗೆ ಜೋತುಬೀಳುವುದು ನಮಗೆ ಹಳೆಯ ಅನುಭವ. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್‌ನಲ್ಲಿ ನಿವೃತ್ತಿಯಾದರೂ, ಅದಕ್ಕೆಂದೇ ಬರೆದ ಪುಟಗಳಿಗಾಗಿ ಎಡ್ಜ್‌ನೊಳಗೆ ಅದರ ಪ್ರೇತವನ್ನು ಇಂದಿಗೂ ಉಳಿಸಿಕೊಂಡು ಬರಬೇಕಾಗಿದೆ. ಈಗ ಕ್ರೋಮ್‌ನಲ್ಲಷ್ಟೇ ಪರೀಕ್ಷಿಸಿ ಬಿಡುವ ತಾಣಗಳು ಅದೇ ತಪ್ಪನ್ನು ಹೊಸ ಹೆಸರಿನಲ್ಲಿ ಮಾಡುತ್ತಿವೆ.

ಹಾಗಾದರೆ ಯಾವುದನ್ನು ಹಾಕಿಕೊಳ್ಳಬೇಕು? ನನ್ನ ಮನೆಯ ಕಂಪ್ಯೂಟರ್‌ನಲ್ಲಿ ದಿನದ ಓದು, ಹುಡುಕಾಟ, ಬ್ಯಾಂಕು ಎಲ್ಲ ಫೈರ್‌ಫಾಕ್ಸ್ ಮತ್ತು ಯುಬ್ಲಾಕ್ ಒರಿಜಿನ್ ಮೇಲೆ ನಡೆಯುತ್ತದೆ. ಕ್ರೋಮ್‌ನಲ್ಲೇ ತೆರೆಯುವ ಹಟಮಾರಿ ತಾಣಗಳಿಗೆಂದು ಎಡ್ಜ್ ಇದೆ, ಹೇಗೂ ವಿಂಡೋಸ್ ಜೊತೆ ಬಂದದ್ದು. ಮೊಜಿಲ್ಲಾದ ರೊಕ್ಕದ ಮೂಲ ಗೊತ್ತಿದ್ದೂ ಈ ಆಯ್ಕೆ ಏಕೆಂದರೆ, ಬೇಡ ಎನ್ನುವ ತಾಕತ್ತಿರುವ ಬೇರೆ ಎಂಜಿನ್ ಆ್ಯಂಡ್ರಾಯ್ಡ್ ಮತ್ತು ವಿಂಡೋಸ್‌ನಲ್ಲಿ ಅದೊಂದೇ ಉಳಿದಿದೆ. ಆ್ಯಂಡ್ರಾಯ್ಡ್ ಫೋನ್‌ನಲ್ಲಿ ಕ್ರೋಮ್‌ಗೆ ವಿಸ್ತರಣೆಗಳೇ ಇಲ್ಲ, ಫೈರ್‌ಫಾಕ್ಸ್‌ಗೆ ಇವೆ; ಡೇಟಾ ಪ್ಯಾಕ್ ಎಣಿಸಿ ಬಳಸುವವರಿಗೆ ಜಾಹೀರಾತು ಇಳಿಯದಿರುವುದೇ ಒಂದು ಉಳಿತಾಯ. ಐಫೋನ್ ಇದ್ದವರು ತಲೆ ಕೆಡಿಸಿಕೊಳ್ಳಬೇಕಿಲ್ಲ: ಯುರೋಪಿಯನ್ ಒಕ್ಕೂಟದಲ್ಲಿ 2024ರಲ್ಲಿ ಕಾನೂನಿನಿಂದಾಗಿ ಬೇರೆ ಎಂಜಿನ್‌ಗಳಿಗೆ ಅವಕಾಶ ಸಿಕ್ಕಿತು; ನಮ್ಮಲ್ಲಿ ಅದರೊಳಗಿನ ಫೈರ್‌ಫಾಕ್ಸ್, ಕ್ರೋಮ್ ಎಲ್ಲವೂ ವೇಷ ಬದಲಿಸಿದ ವೆಬ್‌ಕಿಟ್. ನಿಮಗಾಗಿ ತಾನೇ ಅರ್ಜಿ ತುಂಬುತ್ತೇನೆ, ಸಾಮಾನು ಕೊಳ್ಳುತ್ತೇನೆ ಎನ್ನುವ ಕೃತಕ ಬುದ್ಧಿಮತ್ತೆಯ ಬ್ರೌಸರ್‌ಗಳನ್ನು ಬ್ಯಾಂಕ್ ಖಾತೆ ತೆರೆದಿಟ್ಟ ಕಂಪ್ಯೂಟರ್‌ನಿಂದ ಸದ್ಯಕ್ಕೆ ದೂರ ಇಡುವುದು ಕ್ಷೇಮ. ಪುಟದಲ್ಲಿ ಅಡಗಿಸಿಟ್ಟ ಬರಹವನ್ನು ಯಜಮಾನನ ಅಪ್ಪಣೆಯೆಂದು ತಿಳಿದು ಅವು ನಡೆದುಕೊಳ್ಳಬಹುದೆಂಬುದನ್ನು ಸಂಶೋಧಕರು ತೋರಿಸಿದ್ದಾರೆ.

ಸೇವಾ ಕೇಂದ್ರದ ಹುಡುಗನಿಗೆ ನಾನು ಬ್ರೌಸರ್ ಬದಲಿಸಲು ಹೇಳಲಿಲ್ಲ. ಅವನ ಅರ್ಧ ಕೆಲಸ ನಿಂತುಹೋದೀತು. ತುಂಬಿದ್ದನ್ನು ನೆನಪಿಡುವ ಆಟೋಫಿಲ್ ಸೌಲಭ್ಯವನ್ನು ಬಂದ್ ಮಾಡಿ, ಹಳೆಯದನ್ನು ಅಳಿಸಲು ಹೇಳಿದೆ. ಕೇಂದ್ರದ ಲಾಗಿನ್ ಐಡಿಯನ್ನೂ ದಿನಕ್ಕೆ ಐವತ್ತು ಸಲ ಕೈಯಿಂದ ಒತ್ತಬೇಕಾಗುತ್ತದೆಂದು ಅವನು ಮುಖ ಸಣ್ಣ ಮಾಡಿದ. ಕೊನೆಗೆ ಇಬ್ಬರೂ ಸೇರಿ ಒಂದು ದಾರಿ ಹುಡುಕಿದೆವು: ಕೇಂದ್ರದ ಲಾಗಿನ್ ಮತ್ತು ಡಿಎಸ್‌ಸಿ ಕೆಲಸಕ್ಕೆ ಒಂದು ಪ್ರೊಫೈಲ್, ಗಿರಾಕಿಗಳು ತಮ್ಮ ಮೇಲ್ ತೆರೆದು ಪ್ರಿಂಟ್ ತೆಗೆಯಲು ಗೆಸ್ಟ್ ಕಿಟಕಿ, ಮುಚ್ಚಿದರೆ ಅದರ ಗುರುತೆಲ್ಲ ಅಳಿಯುತ್ತದೆ. ನನ್ನ ಉತಾರವನ್ನು ಪ್ರಿಂಟ್‌ಗೆ ಹಾಕಿ, ಡೌನ್‌ಲೋಡ್ಸ್ ಫೋಲ್ಡರ್ ತೆರೆದು ತೋರಿಸಿ, “ಮತ್ತ ಇವನ್ನ ಏನ್ ಮಾಡೂದ್ರಿ ಸರ?” ಎಂದು ಕೇಳಿದ. ಎರಡು ವರ್ಷದ ಆಧಾರ್ ಪಿಡಿಎಫ್‌ಗಳು ಅಲ್ಲಿದ್ದವು.